ನೀರಿನೊಳಗಿನ ದೀಪ ಮತ್ತು ಮೂರು ಕಾವಲುಗಳು



1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಮೊದಲ ಬಾರಿಗೆ ಬೆಳಗಿತು. ಆ ವಿದ್ಯುತ್ತು ಬಂದದ್ದು ಶಿವನಸಮುದ್ರದ ಜಲಪಾತದಿಂದ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮುಂದೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಬೆಳೆದವು. ಕೆರೆ ಬಾವಿಗಳಲ್ಲಿ ಈಜು ಕಲಿಯುತ್ತಿದ್ದ ಮಕ್ಕಳಿಗೆ ಕಾಂಕ್ರೀಟಿನ ಈಜುಕೊಳಗಳು ಬಂದವು. ಕ್ಲಬ್ಬುಗಳಲ್ಲಿ, ಆಮೇಲೆ ಅಪಾರ್ಟ್‌ಮೆಂಟುಗಳಲ್ಲಿ, ಕೊಳದ ಗೋಡೆಯೊಳಗೇ ದೀಪಗಳನ್ನು ಕೂರಿಸಲಾಯಿತು.

ಇದರಲ್ಲಿ ಅಪಾಯವೇನು? ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಸುಮಾರು 10ರಿಂದ 16 ಮಿಲಿಆಂಪಿಯರ್ ಪ್ರವಾಹ ಮೈಯಲ್ಲಿ ಹರಿದರೆ ಸಾಕು, ಸ್ನಾಯುಗಳು ಬಿಗಿದುಕೊಂಡು ಹಿಡಿದ ಕೈಯನ್ನು ಬಿಡಿಸಲಾಗದು. ನೀರಿನಲ್ಲಿರುವವನು ಆಗ ಮುಳುಗುತ್ತಾನೆ. ಆದರೆ 5 ಆಂಪಿಯರ್ ಫ್ಯೂಸಿಗೆ ಇದು ಲೆಕ್ಕಕ್ಕೇ ಇಲ್ಲ. ಫ್ಯೂಸು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ.

ಈ ಮಿತಿಗಳನ್ನು ಪ್ರಯೋಗಗಳಿಂದ ಅಳೆದವರಲ್ಲಿ ಪ್ರಮುಖರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್. ಹೋದ ಪ್ರವಾಹವೆಲ್ಲ ಹಿಂದಿರುಗಿತೇ ಎಂದು ನೋಡಿ, ಕೊಂಚ ಕೊರತೆ ಕಂಡರೂ ಸಂಪರ್ಕ ಕಡಿಯುವ ಸಾಧನವನ್ನು ಅವರು 1961ರಲ್ಲಿ ರೂಪಿಸಿದರು. 1968ರಲ್ಲಿ ಅಮೆರಿಕದ ವಿದ್ಯುತ್ ಸಂಹಿತೆ ಅದನ್ನು ಕಡ್ಡಾಯ ಮಾಡಿದಾಗ ಮೊದಲ ಸ್ಥಾನ ಸಿಕ್ಕಿದ್ದು ಈಜುಕೊಳದ ದೀಪಗಳಿಗೆ. ಅದೇ ತತ್ತ್ವದ ಸಾಧನವನ್ನು ನಾವು ಆರ್‌ಸಿಸಿಬಿ ಎನ್ನುತ್ತೇವೆ. ಇದು ಮೊದಲ ಕಾವಲು.

ಎರಡನೆಯದು ಕಡಿಮೆ ವೋಲ್ಟೇಜು. ಅಂತರರಾಷ್ಟ್ರೀಯ ಮಾನದಂಡದಂತೆ, ಜನ ಈಜುವ ನೀರಿನೊಳಗಿನ ದೀಪಕ್ಕೆ 12 ವೋಲ್ಟಿಗಿಂತ ಹೆಚ್ಚಿನ ಎ.ಸಿ. ಕೂಡದು. ಅದನ್ನು ಒದಗಿಸುವ ಟ್ರಾನ್ಸ್‌ಫಾರ್ಮರು ನೀರಿನಿಂದ ದೂರವಿರಬೇಕು.

ಮೂರನೆಯದು ಬಾಂಡಿಂಗ್. ಇದನ್ನು ಅನೇಕರು ಅರ್ಥಿಂಗ್ ಎಂದೇ ತಿಳಿಯುತ್ತಾರೆ. ಎರಡು ತೊಟ್ಟಿಗಳಲ್ಲಿ ನೀರಿನ ಮಟ್ಟ ಬೇರೆಬೇರೆ ಇದ್ದರೆ ನಡುವಿನ ಕೊಳವೆಯಲ್ಲಿ ನೀರು ಹರಿಯುತ್ತದೆ. ಮಟ್ಟ ಒಂದೇ ಆದರೆ ಹರಿಯದು. ವಿದ್ಯುತ್ತೂ ಹಾಗೆಯೇ. ಏಣಿ, ಕೈಪಿಡಿ, ದೀಪದ ಲೋಹದ ಕವಚ, ಪಂಪು, ಕಾಂಕ್ರೀಟಿನೊಳಗಿನ ಕಂಬಿ, ಇವೆಲ್ಲವನ್ನೂ ತಾಮ್ರದ ತಂತಿಯಿಂದ ಜೋಡಿಸಿದರೆ ಎಲ್ಲವೂ ಒಂದೇ ಮಟ್ಟದಲ್ಲಿರುತ್ತವೆ. ಈಜುಗಾರ ಯಾವುದನ್ನು ಮುಟ್ಟಿದರೂ ಅವನ ಮೈ ಕೊಳವೆಯಾಗುವುದಿಲ್ಲ. ಅರ್ಥಿಂಗ್ ದೋಷದ ಪ್ರವಾಹಕ್ಕೆ ದಾರಿ ಕೊಡುತ್ತದೆ. ಬಾಂಡಿಂಗ್ ಅಪಾಯದ ವ್ಯತ್ಯಾಸವನ್ನೇ ಅಳಿಸುತ್ತದೆ.

ನಮ್ಮ ದೇಶದಲ್ಲಿ 1956ರ ಭಾರತೀಯ ವಿದ್ಯುತ್ ನಿಯಮಗಳು ಬಹುಕಾಲ ನಡೆದವು. 2003ರ ಕಾಯಿದೆಯ ಬಳಿಕ 2010ರಲ್ಲಿ, ಮತ್ತೆ 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮಗಳನ್ನು ತಂದಿತು. ಆದರೆ ನಿಯಮ ಬದಲಾದ ಮಾತ್ರಕ್ಕೆ ಹಳೆಯ ಕೊಳ ಬದಲಾಗುವುದಿಲ್ಲ. ಕ್ಲೋರಿನ್ ನೀರು ಜೋಡಣೆಗಳನ್ನು ತಿನ್ನುತ್ತದೆ. ದೀಪದ ರಬ್ಬರು ಬಿರಿಯುತ್ತದೆ. ಟೈಲ್ಸ್ ಹೊಸದಾಗಿ ಹಾಕುವಾಗ ಬಾಂಡಿಂಗ್ ತಂತಿ ಕತ್ತರಿಸಿಹೋಗಬಹುದು. ಹೊಸ ಏಣಿ ತಂದವರು ಅದನ್ನು ತಂತಿಗೆ ಜೋಡಿಸಲು ಮರೆಯಬಹುದು. ಇಷ್ಟಾದರೂ ದೀಪ ಎಂದಿನಂತೆ ಉರಿಯುತ್ತಲೇ ಇರುತ್ತದೆ! ಮೋಸವಿರುವುದು ಅಲ್ಲೇ.

2023ರ ಡಿಸೆಂಬರಿನಲ್ಲಿ ನಗರದ ಪೂರ್ವಕ್ಕಿರುವ ವರ್ತೂರಿನ ಬಳಿ, ಅಪಾರ್ಟ್‌ಮೆಂಟೊಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ಪ್ರಾಣ ಕಳೆದುಕೊಂಡಳು. ವಿದ್ಯುತ್ ಆಘಾತವಾಗಿತ್ತೆಂಬ ದೂರಿನ ಮೇಲೆ ಪೊಲೀಸರು ತನಿಖೆ ನಡೆಸಿದರು. ಮನೆಯ ಅಂಗಳದ ಕೊಳಕ್ಕೂ ಪರೀಕ್ಷೆ ಬೇಕೆಂಬುದನ್ನು ಇಡೀ ಬೆಂಗಳೂರು ಆಗ ಅರಿಯಿತು.

ನೀವು ಈಜಲು ಹೋಗುವ ಕೊಳ ಹಳೆಯದಾಗಿದ್ದರೆ ಹಿರಿಯರೊಂದಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ದೀಪ ಎಷ್ಟು ವೋಲ್ಟಿನದು? ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಕೊನೆಯದಾಗಿ ಒತ್ತಿದ್ದು ಯಾವಾಗ? ಪರವಾನಗಿ ಪಡೆದ ತಂತ್ರಜ್ಞರು ಬಾಂಡಿಂಗನ್ನು ಮೀಟರು ಹಿಡಿದು ಅಳೆದಿದ್ದಾರೆಯೇ? ನೀರಿನಲ್ಲಿ ಜುಮ್ಮೆಂದರೆ ದೀಪದಿಂದ ದೂರ ಸರಿದು, ಲೋಹದ ಏಣಿ ಮುಟ್ಟದೆ ಹೊರಬನ್ನಿ. ಒದ್ದಾಡುವವರನ್ನು ಕಂಡರೆ ನೀರಿಗೆ ಧುಮುಕಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ.

ಈ ಮೂರು ಕಾವಲುಗಳೂ ಜೀವಗಳ ಬೆಲೆ ತೆತ್ತು ಕಲಿತವು. ಅವನ್ನು ಎಚ್ಚರವಾಗಿಡುವ ಕೆಲಸ ಈಗ ನಿಮ್ಮ ತಲೆಮಾರಿನದು.