ಕಾನೂನು ಪ್ರಾಧ್ಯಾಪಕರ ಬಹಿರಂಗ ಪತ್ರ (1979)

ಭಾರತದ ಅತ್ಯಾಚಾರ ಕಾನೂನಿನ ತಿದ್ದುಪಡಿಗೆ ದಾರಿ ಮಾಡಿಕೊಟ್ಟ ಪತ್ರ. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಗಮ್ವಾರ್ ಎಂಬ ನಾಲ್ವರು ಕಾನೂನು ವಿದ್ವಾಂಸರು 1979ರ ಸೆಪ್ಟೆಂಬರ್ 16ರಂದು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಇದನ್ನು ಬರೆದರು.

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯ್‌ಗಂಜ್ ಪೊಲೀಸ್ ಠಾಣೆಗೆ ದೂರೊಂದರ ವಿಚಾರಣೆಗಾಗಿ ಬಂದಿದ್ದ ಆದಿವಾಸಿ ಹುಡುಗಿಯನ್ನು ರಾತ್ರಿ ಅಲ್ಲೇ ಉಳಿಸಿಕೊಂಡ ಇಬ್ಬರು ಪೊಲೀಸರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಸೆಷನ್ಸ್ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಶಿಕ್ಷೆ ವಿಧಿಸಿತು. 1978ರಲ್ಲಿ ಸುಪ್ರೀಂ ಕೋರ್ಟ್ (ತುಕಾರಾಮ್ ವಿರುದ್ಧ ಮಹಾರಾಷ್ಟ್ರ ರಾಜ್ಯ) ಮತ್ತೆ ಇಬ್ಬರನ್ನೂ ಖುಲಾಸೆಗೊಳಿಸಿತು. ಮೈಮೇಲೆ ಗಾಯದ ಗುರುತಿಲ್ಲದ್ದರಿಂದ ಆಕೆ ಪ್ರತಿಭಟಿಸಿರಲಿಲ್ಲ ಎಂಬುದು ತೀರ್ಪಿನ ಮುಖ್ಯ ಆಧಾರವಾಗಿತ್ತು.

ಈ ತೀರ್ಪನ್ನು ಪ್ರಶ್ನಿಸಿದ ಪತ್ರದ ಶಕ್ತಿಯಿರುವುದು ಕಾನೂನಿನ ಪಠ್ಯವನ್ನು ಎಚ್ಚರದಿಂದ ಓದಿದ ರೀತಿಯಲ್ಲಿ. ಮಣಿಯುವುದು ಬೇರೆ, ಒಪ್ಪುವುದು ಬೇರೆ. ಆಗಿನ ದಂಡ ಸಂಹಿತೆಯ 375ನೇ ಕಲಂ ಇಚ್ಛೆಗೆ ವಿರುದ್ಧವಾದದ್ದನ್ನೂ ಸಮ್ಮತಿಯಿಲ್ಲದ್ದನ್ನೂ ಪ್ರತ್ಯೇಕವಾಗಿಯೇ ಹೇಳುತ್ತದೆ ಎಂದು ಲೇಖಕರು ತೋರಿಸಿದರು. ಬಡವಳಾದ, ತನ್ನ ಹಕ್ಕುಗಳನ್ನೇ ಅರಿಯದ ಎಳೆಯ ಹುಡುಗಿ ಬಾಗಿಲು ಮುಚ್ಚಿದ ಠಾಣೆಯಲ್ಲಿ ಪೊಲೀಸನನ್ನು ಹೇಗೆ ತಡೆಯಬಲ್ಲಳು? ಆಕೆಯನ್ನು ಠಾಣೆಯಲ್ಲಿ ಉಳಿಸಿಕೊಂಡದ್ದನ್ನು ನ್ಯಾಯಾಲಯ ಒಂದು ಮಾತಿನಲ್ಲೂ ಖಂಡಿಸಲಿಲ್ಲವೇಕೆ? ಈ ಪ್ರಶ್ನೆಗಳಿಗೆ ತೀರ್ಪಿನಲ್ಲಿ ಉತ್ತರವಿರಲಿಲ್ಲ.

1980ರ ಆರಂಭದಲ್ಲಿ ಮಹಿಳಾ ಸಂಘಟನೆಗಳು ಈ ಪ್ರಶ್ನೆಗಳನ್ನೇ ಹಿಡಿದು ಬೀದಿಗಿಳಿದವು. ತೀರ್ಪು ಬದಲಾಗಲಿಲ್ಲ. ಆದರೆ ಸರ್ಕಾರ ವಿಷಯವನ್ನು ಕಾನೂನು ಆಯೋಗಕ್ಕೆ ಒಪ್ಪಿಸಿತು. ಅದೇ ವರ್ಷ ಆಯೋಗದ 84ನೇ ವರದಿ ಬಂತು. 1983ರ ಕ್ರಿಮಿನಲ್ ಕಾನೂನು (ತಿದ್ದುಪಡಿ) ಕಾಯ್ದೆ ಪೊಲೀಸ್ ವಶದಲ್ಲಿ ನಡೆಯುವ ಅತ್ಯಾಚಾರಕ್ಕೆ ಸಾಮಾನ್ಯವಾಗಿ ಕನಿಷ್ಠ 10 ವರ್ಷ ಶಿಕ್ಷೆ ನಿಗದಿಪಡಿಸಿತು. ಸಾಕ್ಷ್ಯ ಕಾಯ್ದೆಗೆ 114ಎ ಕಲಂ ಸೇರಿತು. ಇಂಥ ಪ್ರಕರಣಗಳಲ್ಲಿ ಸಂಭೋಗ ಸಾಬೀತಾಗಿ, ಸಮ್ಮತಿ ಇರಲಿಲ್ಲವೆಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ ನ್ಯಾಯಾಲಯ ಅದನ್ನು ನಿಜವೆಂದೇ ಭಾವಿಸಬೇಕು ಎಂದು ಈ ಕಲಂ ಹೇಳಿತು.

ಪ್ರಾಧ್ಯಾಪಕರು ಎತ್ತಿದ ಮೂಲ ಪ್ರಶ್ನೆಯನ್ನು ಮಾತ್ರ ಸಂಸತ್ತು ಆಗ ಅರ್ಧಕ್ಕೇ ಬಿಟ್ಟಿತು. ಸ್ವತಂತ್ರವೂ ಸ್ವಇಚ್ಛೆಯದೂ ಆದ ಸಮ್ಮತಿ ಎಂದು ಸ್ಪಷ್ಟಪಡಿಸುವಂತೆ ಆಯೋಗ ಮಾಡಿದ್ದ ಸಲಹೆ ಕಾಯ್ದೆಯಲ್ಲಿ ಉಳಿಯಲಿಲ್ಲ. ಸಂತ್ರಸ್ತೆಯ ನಡತೆಯನ್ನು ಕೆದಕಲು ಅವಕಾಶವಿತ್ತ ಕಲಂ ರದ್ದಾಗಲು 2002ರವರೆಗೆ ಕಾಯಬೇಕಾಯಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಮಾತ್ರಕ್ಕೆ ಸಮ್ಮತಿಯಿತ್ತೆಂದು ಭಾವಿಸಬಾರದು ಎಂಬ ವಿವರಣೆ ದಂಡ ಸಂಹಿತೆಗೆ ಸೇರಿದ್ದು 2013ರಲ್ಲಿ, ಪತ್ರ ಬರೆದು 34 ವರ್ಷಗಳಾದ ಮೇಲೆ.