ಅಗೆದ ಮಣ್ಣಿನ ಗುರುತು: ಡ್ರೋನ್ ಹುಡುಕಾಟದ ನೂರು ವರ್ಷದ ಹಿನ್ನೆಲೆ

ಹಳೇ ತಿಪ್ಪೆಗುಂಡಿ ಮುಚ್ಚಿ ಬಿತ್ತನೆ ಮಾಡಿದ ಜಾಗ ಯಾವುದು ಅಂತ ರೈತರಿಗೆ ಯಾರೂ ತೋರಿಸಬೇಕಿಲ್ಲ. ಅಲ್ಲಿ ಪೈರು ಸುತ್ತಲಿಗಿಂತ ದಟ್ಟ ಹಸಿರಾಗಿರುತ್ತದೆ. ಒಮ್ಮೆ ಅಗೆದ ಮಣ್ಣು ಬೇಗನೆ ಮೊದಲಿನಂತಾಗುವುದಿಲ್ಲ. ಕಾಣೆಯಾದವರ ಸಮಾಧಿಗಳನ್ನು ಡ್ರೋನ್ ಹಾರಿಸಿ ಹುಡುಕುವ ವಿಜ್ಞಾನಕ್ಕೂ ಇದೇ ತಳಹದಿ.

ನೂರು ವರ್ಷದ ಹಿಂದೆ ಇಂಗ್ಲೆಂಡಿನ ಪುರಾತತ್ವ ತಜ್ಞ ಒ.ಜಿ.ಎಸ್. ಕ್ರಾಫರ್ಡ್ ಇದನ್ನು ಗಮನಿಸಿದರು. 1921ರಲ್ಲಿ ವಾಯುಪಡೆಯವರು ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುಗಳ ತಾಣದ ಸುತ್ತ ವಿಮಾನದಿಂದ ಫೋಟೋ ತೆಗೆದಿದ್ದರು. ಅದರಲ್ಲಿ ಹೊಲಗಳ ನಡುವೆ ಮಸುಕಾದ ಗೆರೆಗಳಿದ್ದವು. ಸಾವಿರಾರು ವರ್ಷದ ಹಿಂದಿನ ದಾರಿಯೊಂದರ ಎರಡೂ ಬದಿಯ ಕಂದಕಗಳು ಇವೇ ಎಂದು ಕ್ರಾಫರ್ಡ್ ಗುರುತಿಸಿದರು. 1923ರಲ್ಲಿ ಅಲ್ಲಿ ಅಗೆಸಿ ನೋಡಿದ ಮೇಲೆ ಅದು ಖಚಿತವಾಯಿತು.

ಇದೇ ವಿದ್ಯೆ ಈಗ ಮೆಕ್ಸಿಕೊದಲ್ಲಿ ಹೆತ್ತವರ ಸಂಕಟಕ್ಕೆ ನೆರವಾಗುತ್ತಿದೆ. 2006ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಡ್ರಗ್ಸ್ ಗ್ಯಾಂಗುಗಳ ಮೇಲೆ ಸೈನ್ಯ ಕಳಿಸಿತು. ಆಮೇಲೆ ಹಿಂಸೆ ಹೆಚ್ಚಿತು, ಜನ ಕಾಣೆಯಾಗುವುದೂ ಹೆಚ್ಚಿತು. 2022ರ ಮೇ ಹೊತ್ತಿಗೆ ಸರ್ಕಾರಿ ದಾಖಲೆಯಲ್ಲೇ ಕಾಣೆಯಾದವರ ಸಂಖ್ಯೆ 1 ಲಕ್ಷ ದಾಟಿತ್ತು. ಪೊಲೀಸರು ಹುಡುಕದಿದ್ದಾಗ ತಾಯಂದಿರೇ ಗುಂಪು ಕಟ್ಟಿಕೊಂಡು ಹೊರಟರು. ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಹೊಡೆದು, ಎಳೆದು, ತುದಿಯ ವಾಸನೆ ನೋಡುವುದು ಅವರ ಪದ್ಧತಿ.

ಹಲಿಸ್ಕೊ ರಾಜ್ಯದಲ್ಲಿ ಸಂಶೋಧಕರು ಸತ್ತ ಹಂದಿಗಳನ್ನು ಹೂತು ಪ್ರಯೋಗ ಮಾಡಿದ್ದಾರೆ. ಹಂದಿಯ ದೇಹ ಮಣ್ಣಿನಲ್ಲಿ ಕೊಳೆಯುವ ರೀತಿ ಮನುಷ್ಯರದ್ದಕ್ಕೆ ಹತ್ತಿರ. ಕೆಲವನ್ನು ಸುಟ್ಟು, ಕೆಲವಕ್ಕೆ ಸುಣ್ಣ ಹಾಕಿ, ಗ್ಯಾಂಗುಗಳು ಹೆಣ ಅಡಗಿಸುವ ರೀತಿಯಲ್ಲೇ ಹೂತರು. ಮೇಲಿಂದ ಡ್ರೋನ್ ಬಿಸಿ ಅಳೆಯಿತು, ಗಿಡಗಳ ಬಣ್ಣದಲ್ಲಿ ಕಣ್ಣಿಗೆ ಕಾಣದ ವ್ಯತ್ಯಾಸಗಳನ್ನೂ ದಾಖಲಿಸಿತು. ಹೆಣ ಕೊಳೆತರೆ ಮಣ್ಣಿನ ಸಾರಜನಕ, ರಂಜಕ ಏರುಪೇರಾಗಿ ಗಿಡದ ಬೆಳವಣಿಗೆ ಬದಲಾಗುತ್ತದೆ. ಯಾವ ಜಾಗದಲ್ಲಿ ಎಂಥ ಹೂವು ಏಳುತ್ತದೆ ಅಂತ ತಾಯಂದಿರು ಮೊದಲೇ ಗಮನಿಸಿದ್ದರು. ವಿಜ್ಞಾನಿಗಳು ಅವರಿಂದಲೂ ಕಲಿತರು.

ಹುಡುಕಾಟದ ಸುದ್ದಿ ಹರಡುವ ದಾರಿಯೂ ಬದಲಾಗಿದೆ. ಗೋಡೆಗೆ ಅಂಟಿಸುತ್ತಿದ್ದ ಫೋಟೋ ಈಗ ಫೇಸ್‌ಬುಕ್ಕಿಗೆ ಬಂದಿದೆ. ಹೆಸರು ಹೇಳಲು ಹೆದರುವವರು ಅಲ್ಲೇ ಮೆಸೇಜ್ ಮಾಡಿ ಸುಳಿವು ಕೊಡುತ್ತಾರೆ. 2025ರ ಮಾರ್ಚ್‌ನಲ್ಲಿ ಹಲಿಸ್ಕೊದ ತೆಉಚಿತ್ಲಾನ್ ಬಳಿಯ ತೋಟವೊಂದಕ್ಕೆ ಹೋದ ಕುಟುಂಬದವರು ಫೇಸ್‌ಬುಕ್ ಲೈವ್ ಮಾಡಿದರು. ರಾಶಿ ಬಿದ್ದ ಬೂಟು, ಬಟ್ಟೆ, ಸುಟ್ಟ ಮೂಳೆಯ ಚೂರುಗಳನ್ನು ಇಡೀ ದೇಶ ನೋಡಿತು. ಕೆಲವೇ ತಿಂಗಳ ಹಿಂದೆ, 2024ರ ಸೆಪ್ಟೆಂಬರ್‌ನಲ್ಲಿ, ಭದ್ರತಾ ಪಡೆಯವರು ಅದೇ ಜಾಗಕ್ಕೆ ದಾಳಿ ಮಾಡಿ ಹೋಗಿದ್ದರು!

ಲೈವ್ ಬಂದ ಕೂಡಲೇ ಅದನ್ನು ಸಾಮೂಹಿಕ ಕೊಲೆಯ ಶಿಬಿರ ಎಂದು ಹಲವರು ಬರೆದರು. ಅಲ್ಲಿ ಹೆಣ ಸುಡುವ ಕೇಂದ್ರವಿತ್ತು ಎನ್ನಲು ಪುರಾವೆ ಇಲ್ಲ ಎಂದು ಅಟಾರ್ನಿ ಜನರಲ್ ಆಮೇಲೆ ಹೇಳಿದರು. ಆದರೆ ಆ ಲೈವ್ ಇಲ್ಲದಿದ್ದರೆ ಈ ತನಿಖೆಗೆ ಅಂಥ ಒತ್ತಡವೂ ಬರುತ್ತಿರಲಿಲ್ಲ.

ಡ್ರೋನ್ ಆಗಲಿ, ಮೊಬೈಲ್ ಆಗಲಿ, ಎಲ್ಲಿ ನೋಡಬೇಕು ಅಂತಷ್ಟೇ ತೋರಿಸಬಲ್ಲದು. ಸಿಕ್ಕ ಮೂಳೆ ಯಾರದ್ದು ಎಂದು ಹೇಳಬೇಕಾದದ್ದು ಡಿಎನ್‌ಎ ಪರೀಕ್ಷೆ. ಕ್ರಾಫರ್ಡ್ ಕೂಡ ಫೋಟೋ ನಂಬಿ ಸುಮ್ಮನಾಗಲಿಲ್ಲ, ಗುದ್ದಲಿ ಹಾಕಿಸಿದರು. ಮಗನ ಬೂಟು ಆ ರಾಶಿಯಲ್ಲಿದೆಯೇ ಎಂದು ಮೊಬೈಲಿನಲ್ಲಿ ಹುಡುಕಿದ ತಾಯಿಗೂ ಬೇಕಾಗಿರುವುದು ಖಚಿತವಾದ ಒಂದು ಉತ್ತರ.