ಮುತ್ತಜ್ಜನ ತಾಯಿಯ ಹೆಸರು

ನಮ್ಮಪ್ಪನ ಜನ್ಮದಿನ ಜೂನ್ 1. ಅವರ ಓರಗೆಯ ಅರ್ಧ ಊರಿನದೂ ಅದೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ. ಜನನ ಮರಣ ನೋಂದಣಿ ದೇಶಕ್ಕೆಲ್ಲ ಕಡ್ಡಾಯವೆಂದು ಕಾಯ್ದೆಯಾದದ್ದೇ 1969ರಲ್ಲಿ. ಹಾಗಾದರೆ ಅದಕ್ಕೂ ಹಿಂದಿನವರನ್ನು ಎಲ್ಲಿ ಹುಡುಕುವುದು?

ಸಾಫ್ಟ್‌ವೇರ್ ಕೆಲಸದವನಾದ ನಾನು ಮೊದಲು ಕಂಪ್ಯೂಟರಿನಲ್ಲೇ ಹುಡುಕಿದೆ, ಏನೂ ಸಿಗಲಿಲ್ಲ. ಮುತ್ತಜ್ಜನ ಅಪ್ಪ ಸಿಕ್ಕಿದ್ದು ತಾಲ್ಲೂಕು ಕಚೇರಿಯ ಹಳೇ ಭೂದಾಖಲೆಯಲ್ಲಿ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೆ ಆರಂಭವಾದ ಮೇಲೆ ಸರ್ವೆ ನಂಬರಿನ ಎದುರು ಕಂದಾಯ ಕಟ್ಟುವವನ ಹೆಸರು ದಾಖಲಾಗತೊಡಗಿತು. ಹೊಲ ಇದ್ದವನಿಗಷ್ಟೇ ಆ ಭಾಗ್ಯ. ಕೂಲಿ ಮಾಡಿದವರ ಹೆಸರು ಅಲ್ಲಿ ಹುಡುಕಿದರೂ ಇಲ್ಲ.

ಮಿಕ್ಕದ್ದು ಹೆಳವರಿಂದ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತಾ ಬರುತ್ತಿದ್ದ ಇವರು ಮನೆತನದ ಮೂಲ, ಬೆಡಗು, ವಂಶಾವಳಿ ಹೇಳಿ ದವಸ ಪಡೆಯುತ್ತಿದ್ದರು. ಹುಡುಗರಾಗಿದ್ದಾಗ ನಾವು ಆ ಎತ್ತಿನ ಹಿಂದೆ ಓಡಿದೆವೇ ಹೊರತು ಕಿವಿಗೊಟ್ಟು ಕೇಳಲಿಲ್ಲ. ಹೋದ ವರ್ಷ ನಮ್ಮ ಮನೆತನದ ಹೆಳವರು ಪುಸ್ತಕ ಹಿಡಿದು ಬೈಕಿನಲ್ಲಿ ಬಂದರು. ಏಳು ತಲೆಮಾರು ಓದಿದರು, ಎಲ್ಲ ಗಂಡಸರೇ.

"ಮುತ್ತಜ್ಜನ ತಾಯಿ ಯಾರು?" ಎಂದೆ.

"ಹೆಣ್ಮಕ್ಕಳನ್ನ ಇದ್ರಲ್ಲಿ ಬರೆದಿಲ್ಲ ಸ್ವಾಮಿ."

ಒಳಗಿಂದ ಅಜ್ಜಿ ಕೂಗಿ ಹೇಳಿದರು: "ಸತ್ತ ಅಜ್ಜಿ ಹೆಸರನ್ನ ಮೊಮ್ಮಗಳಿಗೆ ಇಡ್ತಾರಲ್ಲೋ. ನಿಮ್ಮಜ್ಜನ ಅಕ್ಕನ ಹೆಸರು ಏನು, ನೋಡು."

ಹೌದಲ್ಲ! ಆ ದೊಡ್ಡಜ್ಜಿಯ ಹೆಸರನ್ನೇ ವಂಶವೃಕ್ಷದಲ್ಲಿ ಎರಡು ತಲೆಮಾರು ಮೇಲೆ, ಖಾಲಿ ಇದ್ದ ಜಾಗದಲ್ಲಿ, ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.